ಗಾಡಿ ಹಳ್ಳಿಗೆ ಬಂತು, ಕಂಪನಿಯ ಕಾಗದ ಪಟ್ಟಣದಲ್ಲೇ ಉಳಿಯಿತು



ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ನಿಮ್ಮಲ್ಲಿ ಹಲವರು ಬಂದಿರಬಹುದು. ಕೋಲಾರ, ಚಿಂತಾಮಣಿ, ಮಾಗಡಿ, ತುಮಕೂರು ಕಡೆಗಳಿಂದ ಮೂಟೆ ಹೇರಿಕೊಂಡು ಬರುವ ಗಾಡಿಗಳು ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಹಿಂದೆ ಎತ್ತಿನ ಗಾಡಿಗಳು ಬರುತ್ತಿದ್ದವು. ಈಗ ಗೂಡ್ಸ್ ಗಾಡಿ, ಟೆಂಪೋ, ಲಾರಿಗಳು ಬರುತ್ತವೆ. ಎತ್ತು ಬೆದರಿದರೆ ಮೂಗುದಾರ ಹಿಡಿದು ನಿಲ್ಲಿಸುವುದು ನಮ್ಮ ರೈತನಿಗೆ ಗೊತ್ತು. ಎಂಜಿನ್ನು ಬೆದರಿದರೆ ಏನನ್ನು ಹಿಡಿಯಬೇಕು? ಈ ವಾರ ಈ ಮಾತನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಪರಿಷೆಯ ಮುನ್ನಾದಿನ ಬೆಳಗಿನ ಜಾವ ನಾನು ರಾಮಕೃಷ್ಣ ಆಶ್ರಮದ ಬಳಿ ನಡೆದು ಹೋಗುತ್ತಿದ್ದೆ. ಕಡಲೆಕಾಯಿ ಮೂಟೆ ತುಂಬಿದ ಸಣ್ಣ ಗೂಡ್ಸ್ ಗಾಡಿಯೊಂದು ಚಾಮರಾಜಪೇಟೆಯ ಕಡೆಯಿಂದ ಬಂತು. ಇದ್ದಕ್ಕಿದ್ದಂತೆ ಎಂಜಿನ್ನು ಆರ್ಭಟಿಸತೊಡಗಿತು. ಗಾಡಿ ಒಮ್ಮೆ ಮುನ್ನುಗ್ಗಿ, ಎಡಕ್ಕೆ ಸರಿದು, ಫುಟ್‌ಪಾತಿನ ಪಕ್ಕದಲ್ಲಿ ನಿಂತಿತು. ಎಂಜಿನ್ನು ಮಾತ್ರ ಇನ್ನೂ ಕೂಗುತ್ತಲೇ ಇತ್ತು. ಡ್ರೈವರ್ ಹುಡುಗ ಕೀಲಿ ತಿರುಗಿಸಿದ ಮೇಲೆ ಸದ್ದು ಅಡಗಿತು. ಅವನ ಕೈ ನಡುಗುತ್ತಿತ್ತು. "ಮೂರು ದಿನದಿಂದ ಎಕ್ಸಲೇಟರ್ ಪೆಡಲು ಮೇಲಕ್ಕೆ ಏಳೋದು ನಿಧಾನ ಆಗಿತ್ತು ಸಾರ್. ಪರಿಷೆ ಮುಗಿಸ್ಕೊಂಡು ಮಾಡಿಸೋಣ ಅಂತ ಸುಮ್ಮನಿದ್ದೆ" ಎಂದ.

ಮೆಕ್ಯಾನಿಕ್ ಬಂದು ನೋಡಿದಾಗ ಆಕ್ಸಿಲರೇಟರ್ ಕೇಬಲ್ಲಿನ ಎಳೆಗಳು ಬಿಚ್ಚಿಕೊಂಡು ಕೊಳವೆಯೊಳಗೆ ಸಿಕ್ಕಿದ್ದವು. ಪೆಡಲನ್ನು ಹಿಂದಕ್ಕೆ ಎಳೆಯಬೇಕಾದ ಸ್ಪ್ರಿಂಗಿನ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡು ಕಟ್ಟಿತ್ತು. ಹತ್ತಿರದ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಹೊಸ ಕೇಬಲ್ಲು, ಸ್ಪ್ರಿಂಗು ತರಿಸಿ ಹಾಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಅದೇ ಗಾಡಿ ಮರುದಿನ ಪರಿಷೆಯ ಜನಸಂದಣಿಯಲ್ಲಿ ಹಾಗೆ ನುಗ್ಗಿದ್ದರೆ ಆಗಬಹುದಾಗಿದ್ದ ಅನಾಹುತವನ್ನು ಊಹಿಸಿಕೊಳ್ಳಿ. ಹುಡುಗನನ್ನು ಕಾಪಾಡಿದ್ದು ಅವನಿಗೆ ಗಾಡಿ ಕಲಿಸಿದ ಸೋದರಮಾವನ ಒಂದು ಮಾತು: "ಎಂಜಿನ್ನು ಕೂಗಿದರೆ ಕೂಗಲಿ, ನೀನು ಕ್ಲಚ್ಚು ಬಿಡಬೇಡ."

ಪೆಡಲು ಸಿಕ್ಕಿಕೊಂಡರೆ ಏನು ಮಾಡಬೇಕು?

ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಓದಿ ಹೇಳಿರಿ.

ಮೊದಲನೆಯದು, ಬ್ರೇಕನ್ನು ಒಂದೇ ಸಾರಿ ಬಲವಾಗಿ ತುಳಿದು ಹಾಗೆಯೇ ಹಿಡಿದಿರಬೇಕು. ಮತ್ತೆ ಮತ್ತೆ ಬಿಟ್ಟು ತುಳಿಯಬಾರದು. ಪೆಟ್ರೋಲ್ ಕಾರುಗಳಲ್ಲಿ ಬ್ರೇಕಿಗೆ ಬಲ ಕೊಡುವುದು ಎಂಜಿನ್ನು ಗಾಳಿ ಹೀರುವಾಗ ಉಂಟಾಗುವ ನಿರ್ವಾತ. ಆಕ್ಸಿಲರೇಟರ್ ಪೂರ್ತಿ ತೆರೆದಿರುವಾಗ ಈ ನಿರ್ವಾತ ಹೊಸದಾಗಿ ತುಂಬುವುದಿಲ್ಲ. ಎರಡು ಮೂರು ಸಾರಿ ಬಿಟ್ಟು ತುಳಿದರೆ ಉಳಿದಿದ್ದ ಬಲವೂ ಖಾಲಿಯಾಗಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಾಳಿಯ ಬ್ರೇಕಿನ ಲಾರಿಗಳಲ್ಲಿಯೂ ಪದೇ ಪದೇ ತುಳಿದರೆ ಟ್ಯಾಂಕಿನ ಗಾಳಿ ಇಳಿಯುತ್ತದೆ.

ಎರಡನೆಯದು, ಬ್ರೇಕಿನ ಜೊತೆಯಲ್ಲೇ ಕ್ಲಚ್ಚು ತುಳಿದು ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರಿನಲ್ಲೂ ವಿದ್ಯುತ್ ಕಾರಿನಲ್ಲೂ ಗೇರಿನ ಹಿಡಿಯನ್ನು 'ಎನ್' ಗುರುತಿಗೆ ತಳ್ಳಬೇಕು. ಆಗ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದು ನಿಲ್ಲುತ್ತದೆ. ಎಂಜಿನ್ನು ಹಾಳಾದೀತೆಂದು ಹೆದರಿ ಮತ್ತೆ ಗೇರಿಗೆ ಹಾಕಬೇಡಿ. ಎಂಜಿನ್ನನ್ನು ದುಡ್ಡು ಕೊಟ್ಟು ಸರಿಮಾಡಿಸಬಹುದು.

ಮೂರನೆಯದು, ದಾರಿಯ ಮೇಲೆ ಕಣ್ಣಿಟ್ಟು ಎಡಕ್ಕೆ ಸರಿದು ಗಾಡಿಯನ್ನು ನಿಲ್ಲಿಸಿರಿ. ಓಡುತ್ತಿರುವಾಗ ಬಗ್ಗಿ ಕೈಯಿಂದ ಪೆಡಲು ಎಳೆಯಲು ಹೋಗಬೇಡಿ. ಬಗ್ಗಿದವನಿಗೆ ದಾರಿ ಕಾಣುವುದಿಲ್ಲ.

ನಾಲ್ಕನೆಯದು, ಗಾಡಿ ನಿಂತ ಮೇಲೆ ಎಂಜಿನ್ ಬಂದ್ ಮಾಡಿ, ಕೈಬ್ರೇಕು ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನ್ಯೂಟ್ರಲ್ಲಿಗೆ ಬಾರದೆ, ಓಡುತ್ತಿರುವಾಗಲೇ ಎಂಜಿನ್ ನಿಲ್ಲಿಸಲೇಬೇಕಾಗಿ ಬಂದರೆ ಕೀಲಿಯನ್ನು ಒಂದೇ ಹಂತ ಹಿಂದಕ್ಕೆ ತಿರುಗಿಸಿ, ಹೊರಗೆ ತೆಗೆಯಬೇಡಿ. ಕೀಲಿ ತೆಗೆದರೆ ಸ್ಟೇರಿಂಗ್ ಬೀಗ ಬಿದ್ದುಬಿಡಬಹುದು. ಎಂಜಿನ್ ನಿಂತೊಡನೆ ಸ್ಟೇರಿಂಗ್ ಭಾರವಾಗುತ್ತದೆ ಎಂಬುದೂ ನೆನಪಿರಲಿ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಓಡುವಾಗ ಒಮ್ಮೆ ಮುಟ್ಟಿದರೆ ಎಂಜಿನ್ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಮೂರು ಸೆಕೆಂಡಿನಷ್ಟು ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ. ನಿಮ್ಮ ಕಾರಿನಲ್ಲಿ ಹೇಗೆಂದು ಕೈಪಿಡಿಯಲ್ಲಿ ಈಗಲೇ ನೋಡಿಕೊಳ್ಳಿ.

ಕ್ಲಚ್ಚಿರುವ ಮೋಟಾರ್ ಸೈಕಲ್ಲಿನಲ್ಲಿ ಹಿಡಿ ಸಿಕ್ಕಿಕೊಂಡರೆ ಕ್ಲಚ್ಚು ಹಿಡಿದು, ಎರಡೂ ಬ್ರೇಕು ಹಾಕಿ, ಹಿಡಿಯ ಬಳಿ ಎಂಜಿನ್ ನಿಲ್ಲಿಸುವ ಸ್ವಿಚ್ಚಿದ್ದರೆ ಒತ್ತಿರಿ. ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ಚೇ ಇಲ್ಲವಾದ್ದರಿಂದ ಬ್ರೇಕುಗಳ ಜೊತೆಗೆ ಸ್ವಿಚ್ಚೋ ಕೀಲಿಯೋ ಬೇಗ ಬೇಕು. ಇಲ್ಲಿಯೂ ಕೀಲಿಯನ್ನು ಬೀಗದ ಗುರುತಿನವರೆಗೆ ತಿರುಗಿಸಬಾರದು.

ಟ್ರಾಕ್ಟರಿನವರು ಎರಡು ಮಾತು ಗಮನಿಸಬೇಕು. ಹೊಲದಲ್ಲಿ ಕೈ ಆಕ್ಸಿಲರೇಟರನ್ನು ಮೇಲಿಟ್ಟು ಕೆಲಸ ಮಾಡಿದವರು ರಸ್ತೆಗೆ ಬರುವ ಮೊದಲು ಅದನ್ನು ಇಳಿಸಲೇಬೇಕು. ಇಳಿಸದಿದ್ದರೆ ಕಾಲು ತೆಗೆದರೂ ಎಂಜಿನ್ನಿನ ವೇಗ ಇಳಿಯುವುದಿಲ್ಲ. ಹಾಗೆಯೇ ರಸ್ತೆಯಲ್ಲಿ ಎಡಬಲದ ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಬೇಕು. ಗಾಬರಿಯಲ್ಲಿ ಒಂದನ್ನೇ ತುಳಿದರೆ ಟ್ರಾಕ್ಟರು ಆ ಕಡೆಗೆ ಗಿರಕಿ ಹೊಡೆಯುತ್ತದೆ. ಎಂಜಿನ್ ನಿಲ್ಲಿಸಲು ಎಳೆಯುವ ಗುಂಡಿ ಎಲ್ಲಿದೆಯೆಂಬುದು ಕಣ್ಣು ಮುಚ್ಚಿದರೂ ಕೈಗೆ ಸಿಗುವಂತಿರಬೇಕು.

ಸವೆತ ನಮ್ಮ ಹೊಣೆ

ಇಂಥ ಆಪತ್ತಿನ ಕಾರಣಗಳಲ್ಲಿ ಎರಡು ಬಗೆಯುಂಟು. ಒಂದು ಸವೆತ ಮತ್ತು ಅಜಾಗರೂಕತೆ. ಇದು ಒಡೆಯನ ಹೊಣೆ. ಎಳೆ ಬಿಚ್ಚಿದ ಕೇಬಲ್ಲು, ಧೂಳು ತುಂಬಿ ಬಿಗಿಯಾದ ಪೆಡಲಿನ ಕೀಲು, ಸೋತ ಸ್ಪ್ರಿಂಗು, ಕಾಲಬಳಿ ಹಾಸಿದ ಗೋಣಿಚೀಲ, ಒಂದರ ಮೇಲೊಂದು ಹಾಕಿದ ಮ್ಯಾಟು, ಉರುಳಿ ಬಂದ ನೀರಿನ ಬಾಟಲಿ, ಕಾಲಿನಿಂದ ಜಾರಿದ ಚಪ್ಪಲಿ, ಇವೆಲ್ಲ ಈ ಪಟ್ಟಿಗೆ ಸೇರಿದವು. ಎಂಜಿನ್ ಬಂದ್ ಇರುವಾಗ ಪೆಡಲನ್ನು ಪೂರ್ತಿ ಒತ್ತಿ ಬಿಟ್ಟುನೋಡಿ. ಥಟ್ಟನೆ ಮೇಲೆ ಬರಬೇಕು. ತಡೆದು ತಡೆದು ಬಂದರೆ ಅಂದು ಗಾಡಿ ತೆಗೆಯಬೇಡಿ. ಆ ಹುಡುಗನಿಗೂ ಗಾಡಿ ಮೂರು ದಿನ ಮೊದಲೇ ಸೂಚನೆ ಕೊಟ್ಟಿತ್ತು.

ಎರಡನೆಯ ಬಗೆ, ಕಾರ್ಖಾನೆಯಿಂದಲೇ ಬಂದ ದೋಷ. ನೀವು ಎಷ್ಟೇ ಜೋಪಾನ ಮಾಡಿದರೂ ಅದನ್ನು ತಪ್ಪಿಸಲಾರಿರಿ. ಅದು ಕಂಪನಿಯ ಹೊಣೆ. ಮಾರಿದ ಗಾಡಿಗಳನ್ನು ವಾಪಸು ಕರೆಸಿ ಪುಕ್ಕಟೆಯಾಗಿ ಸರಿಮಾಡಿಕೊಡುವ ಕ್ರಮಕ್ಕೆ ರೀಕಾಲ್ ಎನ್ನುತ್ತಾರೆ. ಈ ಕ್ರಮದ ಬೆಲೆ ಏನೆಂಬುದನ್ನು ಅಮೆರಿಕದ ಒಂದು ಪ್ರಕರಣದಿಂದ ಅರಿಯಬಹುದು.

2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯದ ಸ್ಯಾಂಟೀ ಎಂಬಲ್ಲಿ ಟೊಯೊಟ ಸಂಸ್ಥೆಯ ಲೆಕ್ಸಸ್ ಕಾರೊಂದು ಹತೋಟಿ ತಪ್ಪಿ ಅಪಘಾತಕ್ಕೀಡಾಯಿತು. ಒಳಗಿದ್ದ ನಾಲ್ವರೂ ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ, ಚಾಲನೆಯಲ್ಲಿ ಪಳಗಿದವರು. ಸ್ವಂತ ಕಾರು ರಿಪೇರಿಗೆ ಬಿಟ್ಟಿದ್ದರಿಂದ ಮಾರಾಟಗಾರರು ತಾತ್ಕಾಲಿಕವಾಗಿ ಕೊಟ್ಟಿದ್ದ ಕಾರು ಅದು. ಬೇರೆ ಮಾದರಿಯ ಕಾರಿನ ಮ್ಯಾಟನ್ನು ಅದರಲ್ಲಿ ಹಾಸಲಾಗಿತ್ತು. ಆಕ್ಸಿಲರೇಟರ್ ಪೆಡಲು ಅದಕ್ಕೆ ಸಿಕ್ಕಿಕೊಂಡಿತ್ತು ಎಂಬುದು ತನಿಖೆಯಲ್ಲಿ ಕಂಡುಬಂತು. ಇನ್ನೊಂದು ಸಂಗತಿಯೂ ಹೊರಬಿತ್ತು. ಕೆಲವೇ ದಿನ ಮೊದಲು ಅದೇ ಕಾರನ್ನು ಒಯ್ದಿದ್ದ ಬೇರೊಬ್ಬ ಗಿರಾಕಿಗೂ ಪೆಡಲು ಸಿಕ್ಕಿಕೊಂಡಿತ್ತು. ಆತ ಹೇಗೋ ಕಾರು ನಿಲ್ಲಿಸಿ, ಹಿಂದಿರುಗಿಸುವಾಗ ಅಲ್ಲಿನ ಸಿಬ್ಬಂದಿಗೆ ಬಾಯಿಮಾತಿನಲ್ಲಿ ತಿಳಿಸಿದ್ದ. ಆದರೂ ಕಾರು ಅದೇ ಮ್ಯಾಟಿನೊಡನೆ ಮತ್ತೆ ರಸ್ತೆಗೆ ಬಂತು.

ಆಮೇಲೆ ಟೊಯೊಟ ಮ್ಯಾಟಿನ ಕಾರಣಕ್ಕೆ ಸುಮಾರು 38 ಲಕ್ಷ ವಾಹನಗಳ ಬಗ್ಗೆ ರೀಕಾಲ್ ಪ್ರಕಟಿಸಿತು. 2010ರ ಜನವರಿಯಲ್ಲಿ, ಒತ್ತಿದ ಪೆಡಲು ಅಂಟಿಕೊಳ್ಳುತ್ತದೆ ಎಂಬ ಬೇರೆಯೇ ದೋಷಕ್ಕಾಗಿ ಅಮೆರಿಕದಲ್ಲಿ ಇನ್ನೂ ಸುಮಾರು 23 ಲಕ್ಷ ವಾಹನಗಳನ್ನು ಕರೆಸಿತು. ಗಿರಾಕಿಗಳಿಗೆ ಸತ್ಯ ಮರೆಮಾಚಿದ್ದಕ್ಕಾಗಿ 2014ರಲ್ಲಿ ಅಲ್ಲಿನ ಸರ್ಕಾರಕ್ಕೆ 120 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು.

ಕೇಬಲ್ಲೇ ಇಲ್ಲದ ಹೊಸ ಗಾಡಿಗಳಲ್ಲಿ ಈ ಭಯವಿಲ್ಲ ಎಂದುಕೊಳ್ಳಬೇಡಿ. ಟೆಸ್ಲಾ ಸಂಸ್ಥೆ ತನ್ನ ಸೈಬರ್‌ಟ್ರಕ್ ಎಂಬ ವಿದ್ಯುತ್ ವಾಹನದ 3,878 ಗಾಡಿಗಳನ್ನು 2024ರ ಏಪ್ರಿಲ್‌ನಲ್ಲಿ ಕರೆಸಿತು. ಪೆಡಲಿನ ಮೇಲ್ತಟ್ಟೆ ಕಳಚಿ ಮೇಲಕ್ಕೆ ಜಾರಿ ಸಿಕ್ಕಿಕೊಳ್ಳುತ್ತಿತ್ತು. ಕಾರಣ, ತಟ್ಟೆ ಸುಲಭವಾಗಿ ಕೂರಲೆಂದು ಜೋಡಣೆಯ ವೇಳೆ ಬಳಸಿದ ಸಾಬೂನು!

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಬಹುಕಾಲ ಇದಕ್ಕೆ ಕಾನೂನೇ ಇರಲಿಲ್ಲ. 2012ರ ಜುಲೈಯಲ್ಲಿ ವಾಹನ ತಯಾರಕರ ಸಂಘ ತಾನಾಗಿಯೇ ಒಂದು ನಿಯಮಾವಳಿ ಮಾಡಿಕೊಂಡಿತು. ಪಾಲಿಸದಿದ್ದರೆ ಶಿಕ್ಷೆಯಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ 110-ಎ ಎಂಬ ಕಲಂ ಸೇರಿತು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಗೆ ಬಂದವು. ಒಂದೇ ಮಾದರಿಯ ಗಾಡಿಗಳ ಬಗ್ಗೆ ನಿಗದಿಯಾದಷ್ಟು ದೂರುಗಳು ಸೇರಿದರೆ ಕೇಂದ್ರ ಸರ್ಕಾರ ತನಿಖೆ ನಡೆಸಿ, ವಾಪಸು ಕರೆಸುವಂತೆ ಕಂಪನಿಗೆ ಆಜ್ಞೆ ಮಾಡಬಹುದು. ಸರ್ಕಾರವೇ ಆಜ್ಞೆ ಮಾಡುವ ಸ್ಥಿತಿ ಬಂದರೆ ಗಾಡಿಯ ಬಗೆ ಮತ್ತು ಸಂಖ್ಯೆಯನ್ನು ನೋಡಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವುಂಟು.

ಕಂಪನಿಗಳು ತಾವಾಗಿಯೇ ಕರೆಸಿಕೊಂಡ ಉದಾಹರಣೆಗಳೂ ಇವೆ. 2020ರ ಜುಲೈಯಲ್ಲಿ ಮಾರುತಿ ಸುಜುಕಿ ಇಂಧನ ಪಂಪಿನ ದೋಷದ ಶಂಕೆಯಿಂದ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ಕರೆಸಿತು. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆ ಇಗ್ನಿಷನ್ ಕಾಯಿಲಿನ ದೋಷಕ್ಕಾಗಿ 2,36,966 ಮೋಟಾರ್ ಸೈಕಲ್ಲುಗಳ ಬಗ್ಗೆ ಪ್ರಕಟಣೆ ಹೊರಡಿಸಿತು. ಹೀಗೆ ತಪ್ಪು ಒಪ್ಪಿಕೊಂಡು ಕರೆಸುವ ಕಂಪನಿಯನ್ನು ಕೆಟ್ಟ ಕಂಪನಿ ಎಂದು ಹಳಿಯಬಾರದು. ದೋಷ ಬಚ್ಚಿಡುವುದೇ ಕೆಟ್ಟದ್ದು.

ಹಳ್ಳಿಯ ಗಾಡಿಗೆ ಈ ನ್ಯಾಯ ತಲುಪುತ್ತದೆಯೇ?

ಇಲ್ಲಿ ನನ್ನ ತಕರಾರಿದೆ. ಕಂಪನಿಯ ಕಾಗದ ಹೋಗುವುದು ಅದರ ದಾಖಲೆಯಲ್ಲಿರುವ ಒಡೆಯನ ವಿಳಾಸಕ್ಕೆ. ಮಲ್ಲೇಶ್ವರದ ಒಬ್ಬ ನೌಕರಸ್ಥ ಹೊಸ ಕಾರು ಕೊಳ್ಳುತ್ತಾನೆ ಎನ್ನಿ. ಐದಾರು ವರ್ಷ ಓಡಿಸಿ ಮಾರುತ್ತಾನೆ. ದಲ್ಲಾಳಿಯ ಕೈದಾಟಿ ಕಾರು ಮಾಲೂರಿಗೋ ಶಿಡ್ಲಘಟ್ಟಕ್ಕೋ ಬರುತ್ತದೆ. ಆರ್.ಸಿ. ಮಾತ್ರ ಹಳೆಯ ಹೆಸರಿನಲ್ಲೇ ಉಳಿಯುತ್ತದೆ. ರೀಕಾಲ್ ಬಂದಾಗ ಕಾಗದ ಮಲ್ಲೇಶ್ವರದ ಬಾಗಿಲಿಗೆ ಹೋಗುತ್ತದೆ, ಸಂದೇಶ ಹಳೆಯ ಒಡೆಯನ ಫೋನಿಗೆ ಹೋಗುತ್ತದೆ. ದೋಷ ಮಾತ್ರ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಹೊತ್ತು ತಿರುಗುತ್ತಿರುತ್ತದೆ. ನಾನು ಹೇಳಿದ ಆ ಹುಡುಗನ ಗಾಡಿಯೂ ಎರಡನೆಯ ಕೈಯದು. ಆರ್.ಸಿ.ಯಲ್ಲಿ ಇನ್ನೂ ಮೊದಲ ಒಡೆಯನ ಹೆಸರೇ ಇತ್ತು.

ಇದರಲ್ಲಿ ನಮ್ಮ ತಪ್ಪೂ ಇದೆಯೆಂದು ಒಪ್ಪಬೇಕು. ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಹೆಸರು ಬದಲಾವಣೆಯ ಬಗ್ಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಕೆಲವು ನೂರು ರೂಪಾಯಿ, ಒಂದು ದಿನದ ಅಲೆದಾಟ ಉಳಿಸಲು ಹೋಗಿ ನಾವು ಪುಕ್ಕಟೆ ರಿಪೇರಿಯ ಹಕ್ಕನ್ನೇ ಕೈಬಿಡುತ್ತಿದ್ದೇವೆ.

ಆದರೆ ಇನ್ನೊಂದು ಲೋಪ ನಮ್ಮದಲ್ಲ, ನಿಯಮದ್ದು. ಸರ್ಕಾರ ಆಜ್ಞೆ ಮಾಡಿ ವಾಪಸು ಕರೆಸುವ ಈ ನಿಯಮ ತಯಾರಾಗಿ ಏಳು ವರ್ಷ ತುಂಬದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಪಟ್ಟಣದಲ್ಲಿ ಐದಾರು ವರ್ಷ ಓಡಿದ ಗಾಡಿ ಹಳ್ಳಿಗೆ ಬಂದು ಎರಡು ಮಳೆಗಾಲ ಕಳೆಯುವುದರೊಳಗೆ ಈ ರಕ್ಷಣೆಯ ಗಡಿ ದಾಟಿರುತ್ತದೆ. ಗಾಡಿಯ ಎಳೆಹರೆಯ ಪಟ್ಟಣದವನಿಗೆ, ಮುಪ್ಪು ಹಳ್ಳಿಯವನಿಗೆ. ಕಾನೂನಿನ ಕಾವಲು ಎಳೆಹರೆಯಕ್ಕೆ ಮಾತ್ರ! ಅಮೆರಿಕದಲ್ಲಿ ಪುಕ್ಕಟೆಯಾಗಿ ಸರಿಮಾಡಿಕೊಡುವ ಹೊಣೆ 15 ವರ್ಷಗಳವರೆಗೆ ಇದೆ. ಹಳೆಯ ಗಾಡಿಗಳನ್ನೇ ನೆಚ್ಚಿಕೊಂಡ ನಮ್ಮ ಹಳ್ಳಿಗಳಿಗೆ ಏಳು ವರ್ಷ ಸಾಲದು.

ಹಳೆಯದಾದ ಮೇಲೆ ಯಾವುದು ಸವೆತ, ಯಾವುದು ದೋಷ ಎಂದು ಹೇಳುವುದು ಕಷ್ಟ ಎಂಬ ವಾದವನ್ನು ಕಂಪನಿಗಳು ಮುಂದಿಡಬಹುದು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಸವೆದ ಕೇಬಲ್ಲಿಗೆ ಕಂಪನಿಯನ್ನು ಹೊಣೆ ಮಾಡೆಂದು ನಾನೂ ಹೇಳಲಾರೆ. ಆದರೆ ಒಂದೇ ತಿಂಗಳು ತಯಾರಾದ ಸಾವಿರ ಗಾಡಿಗಳಲ್ಲಿ ಒಂದೇ ಭಾಗ ಒಂದೇ ರೀತಿ ಕೆಟ್ಟರೆ ಅದು ಸವೆತವಲ್ಲ. ಬ್ರೇಕು, ಸ್ಟೇರಿಂಗು, ಆಕ್ಸಿಲರೇಟರ್, ಇಂಧನದ ಕೊಳವೆ, ಇಂಥ ಪ್ರಾಣಕ್ಕೆ ಸಂಬಂಧಿಸಿದ ಭಾಗಗಳ ಮಟ್ಟಿಗಾದರೂ ಈ ಗಡಿಯನ್ನು 15 ವರ್ಷಕ್ಕೆ ಏರಿಸಬೇಕು. ರೀಕಾಲ್ ಪ್ರಕಟಣೆಗಳು ಕನ್ನಡದಲ್ಲಿ ಬರಬೇಕು. ಗ್ರಾಮ ಪಂಚಾಯಿತಿ ಕಚೇರಿಯ ಬೋರ್ಡಿನಲ್ಲಿಯೂ ಅವುಗಳನ್ನು ಅಂಟಿಸುವ ಏರ್ಪಾಡಾಗಬೇಕು. ಇದು ದೊಡ್ಡ ಖರ್ಚಿನ ಬಾಬಲ್ಲ.

ಈ ವಾರವೇ ಮಾಡಬಹುದಾದ ಕೆಲಸ

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ವಾಚನಾಲಯಕ್ಕೆ ಬರುವ ನೀವು ನಾಲ್ಕು ಜನ ಸೇರಿದರೆ ಸಾಕು. ಊರಿನಲ್ಲಿರುವ ಗಾಡಿಗಳ ನಂಬರು, ಆರ್.ಸಿ.ಯಲ್ಲಿರುವ ಚಾಸಿ ನಂಬರು ಬರೆದುಕೊಳ್ಳಿ. ಕಂಪನಿಯ ಸರ್ವಿಸ್ ಸ್ಟೇಷನ್ನಿಗೆ ಹೋದವರು ಚಾಸಿ ನಂಬರು ತೋರಿಸಿ, "ಈ ಗಾಡಿಗೆ ರೀಕಾಲ್ ಏನಾದರೂ ಬಾಕಿಯಿದೆಯೇ?" ಎಂದು ಕೇಳಿ. ಎರಡನೆಯ ಕೈಯಲ್ಲಿ ಕೊಂಡವರೂ ಸಂಕೋಚವಿಲ್ಲದೆ ಕೇಳಿ. ಹೆಚ್ಚಿನ ಕಂಪನಿಗಳ ಜಾಲತಾಣದಲ್ಲೂ ಇದನ್ನು ನೋಡಬಹುದು. ಮೊಬೈಲ್ ಬಲ್ಲ ಹುಡುಗರಿಗೆ ಐದು ನಿಮಿಷದ ಕೆಲಸ. ರೀಕಾಲ್ ಬಾಕಿಯಿದ್ದರೆ ಆ ದುರಸ್ತಿಗೆ ದುಡ್ಡು ಕೊಡಬೇಕಾಗಿಲ್ಲ.

ನಿಮ್ಮ ಗಾಡಿಯಲ್ಲಿಯೇ ಇಂಥ ದೋಷ ಕಂಡರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಸ್ಯಾಂಟೀ ಊರಿನ ಕಥೆ ನೆನಪಿರಲಿ. ಬರವಣಿಗೆಯಲ್ಲಿ ಕೊಟ್ಟು, ತಾರೀಖು ಹಾಕಿಸಿ, ಮೊಹರು ಒತ್ತಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಕೇಂದ್ರ ಸರ್ಕಾರದ ವಾಹನ್ ಜಾಲತಾಣದಲ್ಲಿ ರೀಕಾಲ್ ದೂರಿಗೆಂದೇ ಒಂದು ವಿಭಾಗವಿದೆ, ಅಲ್ಲಿಯೂ ದಾಖಲಿಸಿ. ಒಂದೊಂದು ದೂರೂ ಎಣಿಕೆಗೆ ಸೇರುತ್ತದೆ. ಹಳ್ಳಿಯವರು ದೂರು ಬರೆಯದಿದ್ದರೆ ಆ ಎಣಿಕೆಯಲ್ಲಿ ಹಳ್ಳಿ ಇರುವುದೇ ಇಲ್ಲ. ಕಂಪನಿ ಕಿವಿಗೊಡದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ.

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಹತ್ತು ಹೆಜ್ಜೆ ನಡೆಸಿ ನೋಡುತ್ತಿದ್ದರು. ಲಕ್ಷಗಟ್ಟಲೆ ಕೊಟ್ಟು ಗಾಡಿ ಕೊಳ್ಳುವ ನಾವು ಬಣ್ಣ, ಟೈರು ನೋಡಿ ಮುಗಿಸುತ್ತೇವೆ. ಮುಂದಿನ ಕಾರ್ತಿಕದಲ್ಲಿ ನೀವು ಬಸವನಗುಡಿಗೆ ಕಡಲೆಕಾಯಿ ತರುವಾಗ ಗಾಡಿಯ ಪೆಡಲನ್ನು ಒಮ್ಮೆ ಒತ್ತಿ ನೋಡಿ, ಆರ್.ಸಿ.ಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಂಡು ಹೊರಡಿ. ಪರಿಷೆಗೆ ಬರುವ ಸಾವಿರಾರು ಜನರ ನಡುವೆ ನಿಮ್ಮ ಮಕ್ಕಳೂ ಇರುತ್ತಾರೆ, ನಮ್ಮ ಮಕ್ಕಳೂ ಇರುತ್ತಾರೆ.